ಒಂದೂವರೆ ಅಂಕ

ಗಾಳಿ ಜಾಸ್ತಿಯಾದ ದಿನ ಪಾಲಾಕ್ಷ ನೆಲದ ಮೇಲಿರುತ್ತಾನೆ.
ಟವರು ಹತ್ತುವಂತಿಲ್ಲ, ಕಂಪನಿಯ ಕಾನೂನು.
ಜೋಗಿಮಟ್ಟಿಯ ನೆತ್ತಿಯಲ್ಲಿ ಮೂರು ರೆಕ್ಕೆ ಗಿರಗಿರ ತಿರುಗುವಾಗ
ಇವನು ನನ್ನ ಜಗಲಿಯಲ್ಲಿ ಕೂತು
ಇನ್ನೂರು ಪುಟದ ನೋಟುಬುಕ್ಕು ಬಿಚ್ಚುತ್ತಾನೆ.

"ಮಿಸ್, ವ್ಯಾಕರಣ ಅಂದ್ರೆ ವ್ಯಾಕರಣ,
ಯಾವ ಭಾಷೇದಾದ್ರೇನು, ನೀವೇ ಹೇಳಿಕೊಡಿ."
ಯಂತ್ರದ ಕೈಪಿಡಿ ಸ್ಪೇನಿನದು.
ಫೋನಿನಲ್ಲಿ ಬರುವ ಇಂಜಿನಿಯರಮ್ಮನೂ ಅಲ್ಲಿಯವಳೇ.
ಅವಳು ಬೈದರೆ ತಿಳಿಯುತ್ತದಂತೆ,
"ಹೀಗೆ ಮಾಡಿದ್ದರೆ" ಅಂದರೆ ತಿಳಿಯುವುದಿಲ್ಲವಂತೆ.

ಹಕಾರ ಬರೆಯುತ್ತಾರೆ, ಬಾಯಿಬಿಟ್ಟು ಅನ್ನುವುದಿಲ್ಲ ಅಂದ.
ನಗು ಬಂತು ನನಗೆ.
ಮೂವತ್ತೊಂದು ವರ್ಷ ಈ ದುರ್ಗದ ಮಕ್ಕಳ ಬಾಯಲ್ಲಿ
ಆಲನ್ನು ಹಾಲು ಮಾಡಿಸಲು ಹೆಣಗಿದವಳು ನಾನು.
ಅಲ್ಲಿ ಹುಟ್ಟಿದ್ದರೆ ಎಲ್ಲರೂ ಪಾಸು.

ಸೂತ್ರ ಅವನೇ ಓದಿದ:
ನಡೆದುಹೋದದ್ದನ್ನು ತಗೊ, ಅದೂ 'ಅವರು' ಮಾಡಿದ್ದನ್ನು.
ಆಬ್ಲಾರೋನ್, ಅವರು ಮಾತಾಡಿದರು.
ಬಾಲದ ರೋನ್ ಕತ್ತರಿಸು, ರಾ ಅಂಟಿಸು.
ಆಬ್ಲಾರಾ, ಮಾತಾಡಿದರೆ.
ಕೊಮ್ಯೆರೋನ್, ಉಂಡರು. ಕೊಮ್ಯೆರಾ, ಉಂಡರೆ.
ಬಿಬ್ಯೆರೋನ್, ಬದುಕಿದರು.

"ತಡಿ," ಅಂದೆ.
ಮಾತಾಡಿದರು, ಮಾತಾಡಿದರೆ.
ಉಂಡರು, ಉಂಡರೆ. ಬದುಕಿದರು...
ಇಷ್ಟು ವರ್ಷ ನನ್ನ ನಾಲಗೆಯ ಮೇಲೇ ಇತ್ತಲ್ಲ ಇದು!
ಕೊಂಬು ಇಳಿಸಿ ಎತ್ವ ಏರಿಸಿದರೆ ಮುಗಿಯಿತು,
ಆದ ಮಾತು ಆಗದ ಮಾತಾಗುತ್ತದೆ.
"ಗಾಳಿ ಬೀಸಿತು, ಅದಕ್ಕೆ?" ಕೇಳಿದ ಪಾಲಾಕ್ಷ.
ಗಾಳಿಗೆ ಒಗ್ಗದಪ್ಪ, ಇದು ಬರೀ ಮನುಷ್ಯರಿಗೆ,
ಅದೂ ಬಹುವಚನ ಕೊಟ್ಟು ಕರೆಯುವವರಿಗೆ.

ಹಾಗಂದ ಮೇಲೆ ನನ್ನ ಬಾಯಿ ಕಟ್ಟಿತು.

ಏಳನೇ ಬಿ. ಪ್ರಬಂಧ: ನನ್ನ ಭಾನುವಾರ.
ಹಿಂದಿನ ಬೆಂಚಿನ ತಿಪ್ಪಕ್ಕ ಬರೆದಿದ್ದಳು,
ಅಪ್ಪ ಲಾರಿ ತಂದು ಮನೆ ಮುಂದೆ ನಿಲ್ಲಿಸಿದರೆ.
ಅಪ್ಪ ಇಳಿದರೆ.
ನನ್ನ ಹೆಸರು ಹಿಡಿದು ಕೂಗಿದರೆ.
ಮೂರಕ್ಕೂ ಕೆಂಪು ಸುತ್ತು. ಕಾಗುಣಿತ ದೋಷ,
ತಪ್ಪಿಗೆ ಅರ್ಧದಂತೆ ಒಂದೂವರೆ ಅಂಕ ಕಳೆದೆ.
ಅಂಚಿನಲ್ಲಿ ಬರೆದೆ: ಗಮನವಿಟ್ಟು ಬರೆ.
ಸಾಲದ್ದಕ್ಕೆ ಎದ್ದು ನಿಲ್ಲಿಸಿ ಹತ್ತತ್ತು ಸಲ ಬರೆಸಿದೆ:
ನಿಲ್ಲಿಸಿದರು. ಇಳಿದರು. ಕೂಗಿದರು.
ಬರೆದಳು. ದುಂಡಗೆ, ತಪ್ಪಿಲ್ಲದೆ.
ಹಿರಿಯೂರಿನ ಆಚೆ ಆ ಲಾರಿ ಏನಾಗಿತ್ತೆಂದು
ಸ್ಟಾಫ್ ರೂಮಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.

"ಮಿಸ್, ರಾ ಆದಮೇಲೆ ವಾಕ್ಯ ನಿಲ್ಲಿಸಬಹುದಾ,
ಇನ್ನರ್ಧ ಬರಲೇಬೇಕಾ?"
ಬರಬೇಕು ಅಂತಾರೆ.
ನಿಲ್ಲಿಸುವವರೂ ಇರುತ್ತಾರೆ.

ಮಧ್ಯಾಹ್ನಕ್ಕೆ ಗಾಳಿ ತಗ್ಗಿತು. ಫೋನು ಬಂತು.
ಹೆಲ್ಮೆಟ್ಟು ಸಿಕ್ಕಿಸಿಕೊಂಡು ಹೊರಟ
ಆಬ್ಲಾರಾ, ಆಬ್ಲಾರಾ ಅನ್ನುತ್ತ, ಬೈಕು ಕೆಮ್ಮಿಸುತ್ತ.
ಅವನು ಮರೆತ ಪೆನ್ನು ನನ್ನ ಕೈಯಲ್ಲಿ.
ಒಂದೂವರೆ ಅಂಕ ನನ್ನ ಹತ್ತಿರವೇ ಉಳಿದುಬಿಟ್ಟಿದೆ.
ಅವನದೇ ಪುಟದ ಕೊನೆಗೆ, ಗಮನವಿಟ್ಟು, ಬರೆಯುತ್ತೇನೆ:
ತಿಪ್ಪಕ್ಕನವರು ಈ ಬೀದಿಯಲ್ಲಿ ಬಂದರೆ.