ಅರ್ಧ ಸವೆದ ಸಂವತ್ಸರ

ಅರಸೀಕೆರೆಯಿಂದ ಒಳಕ್ಕೆ ಹನ್ನೊಂದು ಮೈಲಿ,
ಬಿಲ್ಲಗೊಂಡನಹಳ್ಳಿಯ ಹಾಲಿನ ಡೈರಿ ಹಿಂದೆ
ಕ್ಯಾನು ತೊಳೆದು ಬೋರಲು ಹಾಕುವ ಕಲ್ಲು.
ಎತ್ತಿ ನಿಲ್ಲಿಸಲು ಆರು ಜನ, ಎರಡು ಹಾರೆ,
ಒಂದಷ್ಟು ಬೈಗುಳ.

ಉಜ್ಜಿದೆ. ಹಾಲಿನ ಜಿಡ್ಡು, ಪಾಚಿ, ಸುಣ್ಣ,
ಅದರಡಿಗೆ ಯಾವುದೋ ಚುನಾವಣೆಯ ಗುರುತು.
ಒದ್ದೆ ಕಾಗದ ಹಾಸಿ ಬಡಿದು ಮಸಿಯುಂಡೆ ಒತ್ತಿದೆ.
ಕಪ್ಪಿನೊಳಗಿಂದ ಬಿಳಿಯ ಅಕ್ಷರಗಳು
ಒಂದೊಂದೇ ಎದ್ದವು,
ಚಳಿಗೆ ಹಾಸಿಗೆ ಬಿಡಲೊಲ್ಲದ ಮಕ್ಕಳ ಹಾಗೆ.

"ಏನ್ ಬರ್ದವ್ರೆ ಸಾ ಅದ್ರಲ್ಲಿ? ನಿಧಿ ಗಿಧಿ?"
ಹೊಂಬಾಳಮ್ಮ, ಕೈಯಲ್ಲಿ ಲ್ಯಾಕ್ಟೋಮೀಟರು.
ನಿಧಿ ಇಲ್ಲಮ್ಮ. ಒಂದು ವರ್ಷ ಇದೆ.
ಒಂದೇ ಒಂದು ವರ್ಷ.

ಮೊದಲ ಐದು ಸಾಲು ದೊರೆಯ ಬಿರುದುಗಳು.
ಅಕ್ಷರ ಒಂದೊಂದೂ ಹೆಬ್ಬೆರಳಿನಷ್ಟು,
ಉಂಡು ಕೂತಂತೆ ದುಂಡಗೆ.
ಅಷ್ಟಕ್ಕೇ ಕಲ್ಲು ಅರ್ಧ ಮುಗಿದಿತ್ತು.
ಕೆತ್ತುವವನಿಗೆ ಆಗ ಹೊಳೆದಿರಬೇಕು,
ಹೇಳಬೇಕಾದ್ದು ಇನ್ನೂ ಶುರುವೇ ಆಗಿಲ್ಲವೆಂದು.

ಆರನೇ ಸಾಲಿಂದ ಅಕ್ಷರ ಸಣ್ಣಗಾಗುತ್ತವೆ.
ಆ ವರ್ಷ ಕೆರೆಯ ತೂಬು ಕಿತ್ತುಹೋಯಿತು.
ಗಾಣದ ತೆರಿಗೆ ಬಿಟ್ಟರು,
ಮದುವೆ ಚಪ್ಪರದ ತೆರಿಗೆ ಬಿಡಲಿಲ್ಲ.
ಹುಲಿಯೊಂದು ಬಂತು. ಹೋಯಿತೋ, ಸತ್ತಿತೋ,
ಅಲ್ಲಿ ಯಾರೋ ಖಾರ ಅರೆದಿದ್ದಾರೆ, ಬಟ್ಟಲಿನಷ್ಟು ಗುಂಡಿ.
ಹತ್ತನೇ ಸಾಲಿಗೆ ತುರುಗಳ್ಳರು.
ಬೀಯಗನೆಂಬವನು "ತುರುವಂ ಮಗುಳ್ಚಿ ಸತ್ತಂ."

ಅಷ್ಟೇ. ಅರ್ಧ ಸಾಲು.
ಹಸು ಎಷ್ಟು, ಬಾಣ ಎಲ್ಲಿ ನಟ್ಟಿತು, ನೀರು ಕೇಳಿದನೇ,
ಕೇಳಬೇಡಿ, ಕಲ್ಲಲ್ಲಿ ಜಾಗವಿಲ್ಲ.

"ಮಗುಳ್ಚಿ ಅಂದ್ರೆ?"
ಹಿಂದಕ್ಕೆ ತಿರುಗಿಸಿ, ಎಂದೆ.
ದನ ಹಟ್ಟಿಗೆ ಬಂದವು. ಅವನು ಬರಲಿಲ್ಲ.
ಹೊಂಬಾಳಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ದನ ಹಂಗೇಯ ಸಾ, ಬುಟ್ಟಿದ್ರೆ ತಾವೇ ಬತ್ತಿದ್ವು."

ಹನ್ನೆರಡನೇ ಸಾಲಿಗೆ ಅಕ್ಷರ ಇರುವೆ.
ಅಳಿದವರಿಗೆ ಹಾಕುವ ಶಾಪಕ್ಕೂ ಎಡೆಯಿಲ್ಲದೆ
ಕೊನೆಯ ಮಾತು ಅಂಚು ದಾಟಿ
ಕಲ್ಲಿನ ಪಕ್ಕೆಗೆ ಹೊರಳಿದೆ:
"ತಂಗೆ ಚಟ್ಟವ್ವೆ ನಿಱಿಸಿದ ಕಲ್ಲು."
ಊರಿನವರು ಕುಡುಗೋಲು ಮಸೆಯುವ ಜಾಗ ಅದು.
ಅವಳ ಹೆಸರಿನ ಒತ್ತು ಸವೆದು
ನುಣ್ಣಗೆ ಹೊಳೆಯುತ್ತದೆ.

ತೊಂದರೆ ವರ್ಷದ ಹೆಸರಿನದು.
ಮುರಿದ ಮೂಲೆಯಲ್ಲಿ ಉಳಿದದ್ದು "ಳ ಸಂವತ್ಸರ."
ನಳವೂ ಆದೀತು, ಅದರ ಮರುವರ್ಷ ಪಿಂಗಳವೂ.
ಪಟ್ಟಿ ಹಿಡಿದು ಅಳೆದೆ. ಒಡೆದ ಜಾಗದಲ್ಲಿ
ಒಂದಕ್ಷರ ಸಡಿಲ, ಎರಡಕ್ಷರ ಬಿಗಿ.

ಲಾರಿ ಬಂತು. ಹಾರ್ನಿನ ಮೇಲೆ ಹಾರ್ನು.
ಕ್ಯಾನುಗಳು ಎದ್ದವು, ಒಂದರ ಮುಚ್ಚಳ ಉರುಳಿ
ಕಲ್ಲಿಗೆ ಬಡಿದು ಸುಮ್ಮನಾಯಿತು.
ತೊಡೆಯ ಮೇಲೆ ಪುಸ್ತಕವಿಟ್ಟು
ಪಿಂಗಳ ಎಂದು ಬರೆದೆ.
ಕಚೇರಿಯಲ್ಲಿ ಬಲ್ಲವರಿದ್ದಾರೆ, ತಿದ್ದಿದರೆ ತಿದ್ದಲಿ.
ಅಲ್ಲಿಯವರೆಗೆ ಬೀಯಗ
ಇನ್ನೊಂದು ವರ್ಷ ದನ ಕಾಯಲಿ.