ಕೈಯಲ್ಲಿ ಒಂದು

ವಿದ್ಯುತ್ ಹಲಗೆ ಹಡಗಿನಲ್ಲಿ ಬಂತು, ಬಂದು
ಮೂರೇ ದಿನಕ್ಕೆ ಉಪ್ಪುಗಾಳಿ ಕುಡಿದು ಕಣ್ಣು ಮುಚ್ಚಿತು.
ಬಡಗಿ ಜೋರೆಲಿಕ್ ಜೀಗುಜ್ಜೆ ಹಲಗೆಗೆ
ನಾಲ್ಕು ಕೊಕ್ಕೆ ಹೊಡೆದ: ಈ ತಂಡಕ್ಕೆರಡು, ಆ ತಂಡಕ್ಕೆರಡು.
ಬಿಸ್ಕತ್ತಿನ ಡಬ್ಬ ಕತ್ತರಿಸಿ ಅಂಕಿ ಬರೆದ.
ಮೂರನೆಯ ಕೊಕ್ಕೆ? ಅಂದೆ.
"ಮಜುರೋದಲ್ಲಿ ಯಾರು ನೂರು ಹೊಡೆಯುತ್ತಾರೆ, ಲಿಜೋನ್?
ನಮ್ಮ ಓಣಿಯಲ್ಲಿ ನೂರು ವರ್ಷ ಬದುಕಿದವರೇ ಇಲ್ಲ."

ನಾನು ಮೂರನೇ ತರಗತಿಗೆ ಲೆಕ್ಕ ಹೇಳುವವಳು.
ದ್ವೀಪಗಳ ಕೂಟವೆಂದು ಮಕ್ಕಳಿಗೆಲ್ಲ ರಜೆ,
ನನಗೆ ಮಾತ್ರ ತಗಡಿನ ಅಂಕಿಗಳ ಡಬ್ಬಿ.

ನಾಲ್ಕನೆಯ ಸಂಜೆ ಗುವಾಮ್ ಎದುರು ಕಿರಿಬಾಸ್.
ಗುವಾಮಿನವರ ಚೀಲಗಳಿಗೆ ಚಕ್ರವಿತ್ತು.
ಕಿರಿಬಾಸಿನ ಹನ್ನೊಂದು ಜನಕ್ಕೆ ಹತ್ತು ಜೊತೆ ಬೂಟು.
ನಾಕಿಬೇ ಹೊರಬಂದರೆ ಬೆಂಚಿನಲ್ಲಿ ಕೂತು ಲೇಸು ಬಿಚ್ಚುತ್ತಾನೆ;
ಬರಿಗಾಲಲ್ಲಿ ಕಾದಿದ್ದ ತೆಬುರೇಯಾ
ಬಿಸಿಯಾರದ ಬೂಟಿಗೆ ಕಾಲು ತೂರಿಸಿ ಓಡುತ್ತಾನೆ.
ರೆಫರಿ ಆಗ ಬೇರೆ ಕಡೆ ನೋಡುತ್ತಾನೆ.

ಅವರೂರಲ್ಲಿ ಬುಟ್ಟಿ ಒಂದೇ ಅಂತೆ,
ತೆಂಗಿನ ಕಂಬಕ್ಕೆ ಜಡಿದ ಬಳೆ.
ಆ ತುದಿಯದನ್ನು ಸಮುದ್ರ ಒಯ್ದಿದೆ.
ಅದಕ್ಕೇ, ಹಾಕಿದ ಮೇಲೂ ಅಲ್ಲೇ ನಿಲ್ಲುತ್ತಾರೆ
ಚೆಂಡು ತಮಗೇ ಮರಳೀತೆಂದು;
ಅಷ್ಟರಲ್ಲಿ ಗುವಾಮ್ ಈ ತುದಿ ಮುಟ್ಟಿರುತ್ತದೆ.

ತೆಗೆದೆ, ತೂಗಿದೆ, ತೆಗೆದೆ, ತೂಗಿದೆ.
ಎಂಬತ್ತು. ತೊಂಬತ್ತೊಂದು. ತೊಂಬತ್ತೆಂಟು.
ಆ ಕಡೆ ಮೂವತ್ತೇಳು, ಬಹಳ ಹೊತ್ತಿನಿಂದ ಮೂವತ್ತೇಳು.
ಆಗ ಮಫ್ನಾಸ್ ಎಂಬ ಎತ್ತರದ ಹುಡುಗ
ಅವಸರವಿಲ್ಲದೆ, ಗೂಡಿನಲ್ಲಿ ದೀಪ ಇಟ್ಟ ಹಾಗೆ
ಚೆಂಡನ್ನು ಬಳೆಯೊಳಗಿಟ್ಟ.

ವರ್ಷವಿಡೀ ಮಕ್ಕಳಿಗೆ ಹೇಳುತ್ತೇನೆ:
ಸೊನ್ನೆ ಬರಿ, ಕೈಯಲ್ಲಿ ಒಂದು.
ಸೊನ್ನೆ ತೂಗಿದೆ. ಇನ್ನೊಂದು ಸೊನ್ನೆ ತೂಗಿದೆ.
ನೋಡಿದರೆ ಕೈಯಲ್ಲಿ ನಿಜಕ್ಕೂ ಒಂದು,
ತಗಡಿನದು, ಕೊಕ್ಕೆಯಿಲ್ಲದ್ದು.

ಗುವಾಮ್ ಸೊನ್ನೆ, ಕಿರಿಬಾಸ್ ಮೂವತ್ತೇಳು.

ಮೊದಲು ನಕ್ಕವರು ಮೇಲಿನ ಸಾಲಿನ ಮುದುಕಿಯರು.
ಆಮೇಲೆ ಇಡೀ ಛಾವಣಿ ನಕ್ಕಿತು.
ರೆಫರಿ ಓಡಿಬಂದ: "ಎತ್ತಿ ಹಿಡಿದು ನಿಲ್ಲಿ ಟೀಚರ್."
ನಿಂತೆ, ಹಲಗೆಯ ಪಕ್ಕ ಎಡಗೈ ಎತ್ತಿ,
ಐವತ್ತೆರಡರ ಹೆಂಗಸು, ಮೂರನೆಯ ಕೊಕ್ಕೆ.

ಆದರೆ ಅಂಕಿ ಬದಲಿಸಲು ಎರಡೂ ಕೈ ಬೇಕು.
ಯಾರು ಹಾಕಿದರೂ ಸರಿ, ಒಂದನ್ನು ಕಂಕುಳಲ್ಲಿಟ್ಟು
ಡಬ್ಬಿಗೆ ಬಗ್ಗುತ್ತೇನೆ.
ಅಷ್ಟು ಹೊತ್ತು ಗುವಾಮಿನ ನೂರು ಇಲ್ಲ.
ಅಷ್ಟು ಹೊತ್ತು ಕಿರಿಬಾಸ್ ಮುಂದೆ.

ಇದನ್ನು ಮೊದಲು ಕಂಡವನು ತೆಬುರೇಯಾ,
ಬೆಂಚಿನಲ್ಲಿ, ಬರಿಗಾಲಲ್ಲಿ. ಎದ್ದು ಕುಣಿದ.
ಅವರ ತರಬೇತುದಾರ ಮುಖದ ಗೆರೆ ಸಡಿಲಿಸದೆ ಕೂಗಿದ:
"ಮುನ್ನಡೆ ಕಾಯಿರಿ! ಮುನ್ನಡೆ ಕಾಯಿರಿ!"

ಕಾದರು ನೋಡಿ.
ಹಾಕಿದ ಮೇಲೆ ನಿಲ್ಲಲಿಲ್ಲ. ಬೆನ್ನು ತಿರುಗಿಸಿ ಓಡಿದರು
ಇನ್ನೊಂದು ಬುಟ್ಟಿಯಿದೆಯೆಂದು
ಈಗ ತಾನೇ ಯಾರೋ ಕಿವಿಯಲ್ಲಿ ಹೇಳಿದಂತೆ.
ಒಂದು ಬೂಟು ಕಳಚಿ ಹಿಂದುಳಿದರೂ ನಾಕಿಬೇ
ಮಫ್ನಾಸನ ಚೆಂಡನ್ನು ಗಾಳಿಯಲ್ಲೇ ಬಡಿದ.
ಬೂಟನ್ನು ಎತ್ತಿ ಕೊಟ್ಟವನು ಮಫ್ನಾಸನೇ.

ಕಾಗದದಲ್ಲಿ ನೂರಿಪ್ಪತ್ತೊಂದು, ನಲವತ್ತನಾಲ್ಕು.
ಸಹಿ ನನ್ನದೇ. ಲೆಕ್ಕದಲ್ಲಿ ನಾನು ಸುಳ್ಳು ಬರೆದವಳಲ್ಲ.
ಆದರೆ ಆ ಕೊನೆಯ ಎರಡು ಅಂಕ,
ಗಂಟೆಯ ಜೊತೆಗೇ ನಾಕಿಬೇ ಎಸೆದದ್ದು, ಬಿದ್ದದ್ದು—

ಒಂದನ್ನು ಕಂಕುಳಲ್ಲಿಟ್ಟು ಬಗ್ಗಿದೆ.
ಬೇಕಿದ್ದದ್ದು ಇನ್ನೊಂದು ನಾಲ್ಕು.
ಮೇಲೇ ಇತ್ತು. ಬೆರಳಿಗೆ ತಾಗಿತು ಕೂಡ.
ಏಳನ್ನು ಸರಿಸಿದೆ, ಎಂಟನ್ನು ಸರಿಸಿದೆ,
ಆರನ್ನು ತಿರುಗಿಸಿ ಒಂಬತ್ತು ಮಾಡಿ ನೋಡಿದೆ.
ಬೆನ್ನ ಹಿಂದೆ ಛಾವಣಿ ಹಾರುವಷ್ಟು ಗದ್ದಲ.
"ಟೀಚರ್, ಒಂದು!" ರೆಫರಿ ಕೂಗುತ್ತಿದ್ದ,
"ಟೀಚರ್, ಒಂದು!"

ಕಿವಿ ಸ್ವಲ್ಪ ಮಂದ ನನಗೆ.
ಹುಡುಕುತ್ತಲೇ ಇದ್ದೆ.