ತೂಕದ ಮನೆಯಲ್ಲಿ ಜನವರಿ ಒಂದು

ಬೆಳಗಿನ ಜಾವ ಐದಕ್ಕೆ ಫೋನು:
"ನಸೀಮಕ್ಕ, ತೂಕದ ಕಂಪ್ಯೂಟ್ರು ಏಳ್ತಿಲ್ಲ.
ಜಲಂಧರದ ಬಿತ್ತನೆ ಆಲೂಗೆಡ್ಡೆ ಬಂದು ನಿಂತೈತೆ,
ಹನ್ನೊಂದು ಲಾರಿ."

ಸಂತೇಪೇಟೆಯಿಂದ ಯಾರ್ಡಿಗೆ ಸ್ಕೂಟರಿನಲ್ಲಿ ಆರು ನಿಮಿಷ.
ರಾತ್ರಿ ಗುಡುಗಿ, ಕರೆಂಟು ಹೋಗಿ ಬಂದು ಹೋಗಿತ್ತಂತೆ.
ಕಪ್ಪು ಪರದೆಯ ಮೇಲೆ ಒಂದೇ ಬಿಳಿ ಸಾಲು:
ಬೂಟ್ ಆಗುವ ಡಿಸ್ಕ್ ಯಾವುದೂ ಇಲ್ಲ.
ಕೆಳಗೊಂದು ಮಿಟುಕುವ ಗೆರೆ,
ಏನೋ ಹೇಳಲು ಬಂದು ಮರೆತವರ ಹಾಗೆ.

ಅಂಗಡಿ ಹುಡುಗ ಲಿಖಿತನ ಕೈಯಲ್ಲಾಗಲೇ ಪೆನ್‌ಡ್ರೈವು.
"ಲಿನಕ್ಸೇ ಕೆಟ್ಟೈತೆ. ಫಾರ್ಮ್ಯಾಟ್ ಹೊಡೆದು ಹೊಸದು ಹಾಕಣ."
ತಡಿಯೋ ಮಾರಾಯ,
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೀತೀಯಲ್ಲ.
ಡಿಸ್ಕಿಗೆ ಕಿವಿಗೊಟ್ಟೆ. ತಿರುಗುತ್ತಿದೆ.
ಆರು ವರ್ಷದ ತೂಕವೆಲ್ಲ ಒಳಗೆ
ಕಿಲೋ ಹೆಚ್ಚಿಲ್ಲದೆ ಕಿಲೋ ಕಡಿಮೆಯಿಲ್ಲದೆ ಕೂತಿದೆ.
ಮನೆ ನೆಟ್ಟಗಿದೆ,
ಬಾಗಿಲು ತೋರಿಸುವವನೇ ದಾರಿ ಮರೆತಿದ್ದಾನೆ.

ಎಫ್ ಟೂ, ಎಫ್ ಟೂ, ಎಫ್ ಟೂ,
ಸಾಲಗಾರನ ಕದ ಬಡಿದ ಹಾಗೆ ಬಡಿದ ಮೇಲೆ
ತೆರೆಯಿತು ಬಯೋಸಿನ ನೀಲಿ ಕೋಣೆ.
ಮೂಲೆಯಲ್ಲಿ ತಾರೀಕು:
ಜನವರಿ ಒಂದು, ಎರಡು ಸಾವಿರದ ಹನ್ನೆರಡು.
ಬೋರಲಿಂಗಣ್ಣ ಬಗ್ಗಿ ನೋಡಿ ನಕ್ಕ:
"ಆವಾಗ ಈ ತೂಕದ ಮನೇನೇ ಇರ್ಲಿಲ್ಲ ಕಣಕ್ಕ,
ಇಲ್ಲಿ ಮೆಣಸಿನಕಾಯಿ ಒಣಗ್ ಹಾಕ್ತಿದ್ವಿ."

ಹಳೇ ಐದು ರೂಪಾಯಿ ಬಿಲ್ಲೆಯಷ್ಟು ಬ್ಯಾಟರಿ,
ಯಾವಾಗ ಸತ್ತಿತೋ.
ಗೋಡೆಯ ಕರೆಂಟು ಇರುವತನಕ ಗುಟ್ಟು ಬಯಲಾಗಲಿಲ್ಲ.
ಕತ್ತಲಾದೊಡನೆ ನಾನು ಕಲಿಸಿದ್ದನ್ನೆಲ್ಲ ಬಿಟ್ಟು
ಕಾರ್ಖಾನೆಯ ಮೊದಲ ದಿನಕ್ಕೆ ಓಡಿಹೋಗಿದೆ.
ಯುಇಎಫ್‌ಐ ಇದ್ದಲ್ಲಿ ಲೆಗಸಿ, ಎಎಚ್‌ಸಿಐ ಇದ್ದಲ್ಲಿ ಐಡಿಇ.
ಸುಳ್ಳು ಹೇಳುತ್ತಿಲ್ಲ ಅದು,
ಗೊತ್ತಿರುವಷ್ಟನ್ನೇ ಗಟ್ಟಿಯಾಗಿ ಹೇಳುತ್ತಿದೆ.
ನಮ್ಮ ಬೀದಿಯಲ್ಲೂ ಅಂಥವರಿದ್ದಾರೆ.

ಇಷ್ಟು ಹೊತ್ತಿಗೆ ಯಾವ ಅಂಗಡಿ ತೆಗೆದಿರುತ್ತದೆ?
ಹೊರಗೆ ಹೋದ ಲಿಖಿತ ಎರಡೇ ನಿಮಿಷಕ್ಕೆ
ಮುಷ್ಟಿ ಬಿಚ್ಚಿದ, ಒಳಗೊಂದು ಬ್ಯಾಟರಿ, ಇನ್ನೂ ಬೆಚ್ಚಗೆ.
ಎಲ್ಲಿಂದ ಅಂತ ಕೇಳಲಿಲ್ಲ.

ಲೆಗಸಿ ತೆಗೆದೆ, ಉಳಿದದ್ದು ತಿದ್ದಿದೆ, ಎಫ್ ಟೆನ್.
ಅವಸರದಲ್ಲಿ ತಾರೀಕು ಮರೆತೆ.
ಲಿನಕ್ಸು ಎದ್ದಿತು, ಅರ್ಧ ದಾರಿಯಲ್ಲಿ ನಿಂತಿತು,
ಡಿಸ್ಕು ನೋಡಿ ಬರೆಯಿತು:
ಇದನ್ನು ಕೊನೆಯ ಸಲ ತೆರೆದದ್ದು ಭವಿಷ್ಯದಲ್ಲಿ.

ಓದಿದೆ. ಇನ್ನೊಮ್ಮೆ ಓದಿದೆ.
ನಿನ್ನೆ ಸಂಜೆ ಬೋರಲಿಂಗಣ್ಣ ತೂಗಿದ ಕೊನೆಯ ಗಾಡಿ,
ಕುಡಿದಿಟ್ಟ ಟೀ ಲೋಟ, ಎಲ್ಲ
ಇನ್ನೂ ಬರಬೇಕಾದ ಕಾಲದಲ್ಲಿವೆ.
ಹನ್ನೊಂದು ಲಾರಿಯ ಗೆಡ್ಡೆ ಯಾವ ನೆಲಕ್ಕೂ ಬಿದ್ದಿಲ್ಲ.
ನಾನಿನ್ನೂ ಸ್ಕ್ರೂಡ್ರೈವರ್ ಹಿಡಿದಿಲ್ಲ.
ಹೊರಗಿನಿಂದ ಹಾರನ್ನು.
ಹಿಂದೆ ಹೋಗಿ ಇವತ್ತನ್ನು ಕೂರಿಸಿ ಬಂದೆ.

ಹರ್ಜೀತನ ಲಾರಿ ಮೊದಲು ಹತ್ತಿತು.
ಅಂಕಿ ತೂಗಾಡಿ ತೂಗಾಡಿ ನಿಂತಿತು, ಚೀಟಿ ಬಂತು.
ಬೋರಲಿಂಗಣ್ಣ ತೂಕ ನೋಡಲಿಲ್ಲ,
ತಾರೀಕಿನ ಮೇಲೆ ಹೆಬ್ಬೆರಳಿಟ್ಟ.

ಗೇಟಿನಾಚೆ ಮಂಡಿ ಯಜಮಾನರು
ತಮ್ಮ ಬಿಳಿ ಕಾರಿನ ಮುಂದೆ ನಿಂತು
ಕೀಲಿ ಒತ್ತುತ್ತಿದ್ದರು,
ಒತ್ತುತ್ತಲೇ ಇದ್ದರು.